ಎಂದೋ ಬೇರೆ ದೇಶದಲ್ಲಿ ಆದ ಡೈವೋರ್ಸ್‌ಗೆ ಇವತ್ತು ಪುರಾವೆ ಎಲ್ಲಿ ಸಿಗುತ್ತೆ?

(ಅಮೆರಿಕದಲ್ಲಿ ವಲಸೆ ಅರ್ಜಿ ಹಾಕುವವರಿಗೆ ನೆರವಾಗುವ ಸ್ವಯಂಸೇವಕರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಲಾಯರ್ ಅಲ್ಲ. ವಲಸೆ ಅರ್ಜಿಗಳಿಗೆ ಕಾಗದಪತ್ರ ಹೊಂದಿಸಿಕೊಡುವ ಕೆಲಸದಲ್ಲಿ ಬಹಳ ವರ್ಷ ಕಳೆದಿದ್ದೇನೆ. ನನ್ನ ಮೇಜಿನ ಎದುರು ಕೂತವರು ಬೇರೆ ಬೇರೆ ದೇಶದವರು. ಆದರೆ ಒಂದು ಮಾತು ಮಾತ್ರ ಎಲ್ಲರ ಬಾಯಲ್ಲೂ ಹೆಚ್ಚುಕಮ್ಮಿ ಒಂದೇ ಥರ ಬರುತ್ತದೆ: "ಡೈವೋರ್ಸ್ ಆಗಿ ಮೂವತ್ತು ವರ್ಷ ಆಯ್ತು. ಈಗ ಆ ಕಾಗದ ಕೇಳ್ತಿದ್ದಾರೆ. ಎಲ್ಲಿಂದ ತರಲಿ?"

ಕೆಲವು ವರ್ಷಗಳ ಹಿಂದೆ ಒಬ್ಬ ಹೆಂಗಸು ಬಂದಿದ್ದರು. ವಯಸ್ಸು ಅರವತ್ತು ದಾಟಿತ್ತು. ಹುಟ್ಟಿ ಬೆಳೆದದ್ದು ಸೋವಿಯತ್ ಒಕ್ಕೂಟದಲ್ಲಿ, ಇವತ್ತಿನ ರಷ್ಯಾಕ್ಕೆ ಸೇರಿದ ಒಂದು ಸಣ್ಣ ಊರಿನಲ್ಲಿ. ಅಲ್ಲೇ ಮೊದಲ ಮದುವೆ, ಅಲ್ಲೇ 1987ರಲ್ಲಿ ಡೈವೋರ್ಸ್. ಎಷ್ಟೋ ವರ್ಷ ಒಬ್ಬರೇ ಇದ್ದು, ಆಮೇಲೆ ಅಮೆರಿಕದ ಪ್ರಜೆಯೊಬ್ಬರನ್ನು ಮದುವೆಯಾದರು. ಗಂಡ ಐ-130 ಅರ್ಜಿ, ಅಂದರೆ ಹೆಂಡತಿಯನ್ನು ಕುಟುಂಬದವರು ಅಂತ ತೋರಿಸಿ ವಲಸೆಗೆ ಹಾಕುವ ಅರ್ಜಿ, ಹಾಕಿದರು. ಹಳೆಯ ಕೋರ್ಟ್ ತೀರ್ಪನ್ನು ಅನುವಾದ ಮಾಡಿಸಿ ಅದರ ಜೊತೆಗೇ ಇಟ್ಟಿದ್ದರು. ಆದರೂ ವಲಸೆ ಇಲಾಖೆಯಿಂದ ಪತ್ರ ಬಂತು. ಮೊದಲ ಮದುವೆ ಕಾನೂನಿನ ಪ್ರಕಾರ ಮುಗಿದಿದೆ ಅನ್ನುವುದಕ್ಕೆ ಪುರಾವೆ ಕೊಡಿ ಅಂತ.

"ಕೊಟ್ಟಿದ್ದೀವಲ್ಲ, ಇನ್ನೇನು ಬೇಕು ಇವರಿಗೆ?" ಅಂತ ಆಕೆ ಆ ತೀರ್ಪನ್ನು ಮೇಜಿನ ಮೇಲೆ ಹರವಿದರು. ಟೈಪ್ ಮಾಡಿದ ತೆಳು ಕಾಗದ. ನಾಲ್ಕು ಮಡಿಕೆಯ ಗೆರೆಯಲ್ಲಿ ಹರಿದು, ಹಿಂದಿನಿಂದ ಟೇಪ್ ಹಚ್ಚಿತ್ತು. ಟೇಪ್ ಹಳದಿಯಾಗಿತ್ತು. ಅಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದ ಕಾಗದ ಅದು.

ಆ ಕಾಗದದಲ್ಲಿ ಸುಳ್ಳು ಏನೂ ಇರಲಿಲ್ಲ. ಆದರೆ ಸೋವಿಯತ್ ಕಾನೂನಿನಲ್ಲಿ ಕೋರ್ಟ್ ತೀರ್ಪು ಬಂದ ದಿನ ಮದುವೆ ಮುಗಿಯುತ್ತಿರಲಿಲ್ಲ. ಆ ತೀರ್ಪನ್ನು ಹಿಡಿದುಕೊಂಡು ಜಾಗ್ಸ್ ಅನ್ನುವ ನೋಂದಣಿ ಕಚೇರಿಗೆ ಹೋಗಬೇಕಿತ್ತು. ಅಲ್ಲಿ ದಾಖಲಾದ ದಿನವೇ ಮದುವೆ ಮುಗಿದ ದಿನ. ರಷ್ಯಾದಲ್ಲಿ ಈ ನಿಯಮ ಬದಲಾದದ್ದು 1996ರ ಮೇ 1ರಂದು. ಅದಕ್ಕಿಂತ ಹಿಂದಿನ ಕೋರ್ಟ್ ಡೈವೋರ್ಸ್‌ಗಳಿಗೆ ಇವತ್ತಿಗೂ ಹಳೇ ಲೆಕ್ಕವೇ. ಅಂದರೆ ಕೋರ್ಟಿನಲ್ಲಿ ಗೆದ್ದು, ನೋಂದಣಿ ಮಾಡಿಸದೆ ಮನೆಗೆ ಹೋದವರು ಕಾನೂನಿನ ಕಣ್ಣಲ್ಲಿ ಇನ್ನೂ ಗಂಡ ಹೆಂಡತಿಯೇ!

ಆಕೆ ನೋಂದಣಿ ಮಾಡಿಸಿದ್ದರಾ? ನೆನಪಿಲ್ಲ. "ಎಲ್ಲೋ ಒಂದು ಕಚೇರಿಗೆ ಹೋಗಿದ್ದೆ, ಕ್ಯೂ ಇತ್ತು, ಚಳಿ ಇತ್ತು" ಅಂದರು. ಅಷ್ಟೇ ನೆನಪು.

ಆ ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ಇಲಾಖೆ ನಿಜವಾಗಿ ಏನು ಕೇಳುತ್ತಿದೆ ಅನ್ನುವುದನ್ನು ನೋಡೋಣ.

ಗಂಡ ಅಥವಾ ಹೆಂಡತಿಗಾಗಿ ಹಾಕುವ ಅರ್ಜಿಯಲ್ಲಿ ಇಬ್ಬರ ಹಿಂದಿನ ಎಲ್ಲ ಮದುವೆಗಳೂ ಕಾನೂನು ಪ್ರಕಾರ ಮುಗಿದಿವೆ ಅಂತ ತೋರಿಸಬೇಕು. ಒಬ್ಬರದ್ದಲ್ಲ, ಇಬ್ಬರದ್ದೂ. ಕೊನೆಯ ಮದುವೆ ಮಾತ್ರವಲ್ಲ, ಎಲ್ಲವೂ. ಇದು ಫೆಡರಲ್ ನಿಯಮಾವಳಿಯಲ್ಲೇ ಇದೆ. ಕಾರಣ ಸರಳ. ಮೊದಲ ಮದುವೆ ಮುಗಿಯದೆ ಎರಡನೆಯದು ಮದುವೆಯೇ ಅಲ್ಲ. ಎರಡನೆಯದು ಮದುವೆ ಅಲ್ಲದಿದ್ದರೆ ಅದರ ಮೇಲೆ ನಿಂತ ಗ್ರೀನ್ ಕಾರ್ಡೂ, ಅಂದರೆ ಇಲ್ಲಿ ಕಾಯಂ ಆಗಿ ಇರುವ ಪರವಾನಗಿಯೂ, ನಿಲ್ಲುವುದಿಲ್ಲ. ಮದುವೆ ನಿಶ್ಚಯವಾದವರನ್ನು ಕರೆಸಿಕೊಳ್ಳುವ ಫಿಯಾನ್ಸೆ ವೀಸಾಗೂ ಇದು ಬೇಕು. ಪೌರತ್ವದ ಎನ್-400 ಅರ್ಜಿಯಲ್ಲೂ ಎಷ್ಟು ಸಲ ಮದುವೆಯಾಗಿದ್ದೀರಿ ಅಂತ ಕೇಳುತ್ತಾರೆ. ಎಷ್ಟೋ ಜನರಿಗೆ ಈ ಗಂಟು ಗೊತ್ತಾಗುವುದೇ ಅಲ್ಲಿ, ಹತ್ತಿಪ್ಪತ್ತು ವರ್ಷ ಆದಮೇಲೆ.

ಹಾಗಾಗಿ ಅಧಿಕಾರಿಯ ಮುಂದಿರುವ ಪ್ರಶ್ನೆ ಒಂದೇ: ಆ ದೇಶದ ಕಾನೂನಿನ ಪ್ರಕಾರ ಆ ಮದುವೆ ಯಾವ ದಿನ ಮುಗಿಯಿತು? ಆ ದಿನ ಹೊಸ ಮದುವೆಗಿಂತ ಹಿಂದಿದೆಯಾ? ಕಾಗದ ಆ ಪ್ರಶ್ನೆಗೆ ಉತ್ತರ ಕೊಡುವ ಸಾಧನ ಮಾತ್ರ. ಇದು ತಲೆಗೆ ಹೋದರೆ ಅರ್ಧ ಗಾಬರಿ ಕಮ್ಮಿಯಾಗುತ್ತದೆ. ಯಾಕಂದ್ರೆ ಒಂದೇ ಉತ್ತರಕ್ಕೆ ಬೇರೆ ಬೇರೆ ಸಾಧನ ಇರಬಹುದು.

ಈ ಪ್ರಶ್ನೆಯಲ್ಲಿ "ಆ ದೇಶದ ಕಾನೂನಿನ ಪ್ರಕಾರ" ಅನ್ನುವ ತುಂಡೇ ಎಲ್ಲರೂ ಎಡವುವ ಜಾಗ. ಡೈವೋರ್ಸ್ ಅಂದರೆ ಜಡ್ಜ್ ಸಹಿ ಮಾಡಿದ ಡಿಕ್ರಿ ಅಂತ ನಾವು ಅಂದುಕೊಂಡಿರುತ್ತೇವೆ. ಎಲ್ಲ ಕಡೆ ಹಾಗಿಲ್ಲ.

ಜಪಾನಿನಲ್ಲಿ ಹೆಚ್ಚಿನ ಡೈವೋರ್ಸ್‌ಗಳು ಕೋರ್ಟಿನ ಮೆಟ್ಟಿಲೇ ಹತ್ತುವುದಿಲ್ಲ. ಇಬ್ಬರೂ ಒಪ್ಪಿ ನಗರ ಕಚೇರಿಯಲ್ಲಿ ಒಂದು ಫಾರಂ ಕೊಟ್ಟರೆ ಮುಗಿಯಿತು. ಅಲ್ಲಿ ಡಿಕ್ರಿ ಹುಡುಕಿದರೆ ಎಲ್ಲಿ ಸಿಗುತ್ತದೆ? ಅಲ್ಲಿನ ಪುರಾವೆ ಕೊಸೆಕಿ, ಅಂದರೆ ಕುಟುಂಬದ ನೋಂದಣಿ ಪತ್ರ. ಕಳೆದದ್ದು ಡಿಕ್ರಿ ಅಂತ ಕೊರಗುತ್ತಿದ್ದವರಿಗೆ ಅದು ಯಾವತ್ತೂ ಇರಲೇ ಇಲ್ಲ ಅಂತ ಗೊತ್ತಾದಾಗ ಮುಖ ನೋಡಬೇಕು.

ಇಂಗ್ಲೆಂಡ್ ಇದಕ್ಕೆ ಉಲ್ಟಾ. ಅಲ್ಲಿ ಎರಡು ಕಾಗದ. ಮೊದಲನೆಯದು ಡಿಕ್ರಿ ನೈಸೈ, ಎರಡನೆಯದು ಡಿಕ್ರಿ ಆಬ್ಸಲ್ಯೂಟ್. ಮೊದಲನೆಯದರಿಂದ ಮದುವೆ ಮುಗಿಯುವುದಿಲ್ಲ. ಅದಾಗಿ ಆರು ವಾರ ಒಂದು ದಿನ ಕಾದು, ಎರಡನೆಯದನ್ನು ಕೇಳಿ ಪಡೆಯಬೇಕು. 2022ರ ಏಪ್ರಿಲ್ 6ರಿಂದ ಇವುಗಳ ಹೆಸರು ಬದಲಾಗಿ ಷರತ್ತಿನ ಆದೇಶ, ಅಂತಿಮ ಆದೇಶ ಅಂತಾಗಿದೆ. ಮೊದಲ ಕಾಗದವನ್ನೇ ಡೈವೋರ್ಸ್ ಅಂದುಕೊಂಡು ಬಂದವರನ್ನು ನಾನು ನೋಡಿದ್ದೇನೆ. ಕೆನಡಾದಲ್ಲಿ ಸಾಮಾನ್ಯವಾಗಿ ತೀರ್ಪಾದ 31ನೇ ದಿನಕ್ಕೆ ಡೈವೋರ್ಸ್ ಜಾರಿಗೆ ಬರುತ್ತದೆ. ಆಸ್ಟ್ರೇಲಿಯಾದಲ್ಲಿ ಒಂದು ತಿಂಗಳು ಒಂದು ದಿನ. ನಡುವಿನ ಈ ದಿನಗಳಲ್ಲಿ ಯಾರಾದರೂ ಅವಸರಕ್ಕೆ ಇನ್ನೊಂದು ಮದುವೆಯಾಗಿದ್ದರೆ ಅದು ತೊಂದರೆಯೇ.

ಇನ್ನು ಕೆಲವು ದೇಶಗಳಲ್ಲಿ ಡೈವೋರ್ಸೇ ಇರಲಿಲ್ಲ. ಚಿಲಿಯಲ್ಲಿ ಡೈವೋರ್ಸ್ ಕಾನೂನು ಬಂದದ್ದು 2004ರಲ್ಲಿ. ಅದಕ್ಕೆ ಮುಂಚೆ ಅಲ್ಲಿನವರು ಮದುವೆಯನ್ನೇ ಅಸಿಂಧು ಮಾಡಿಸಿಕೊಳ್ಳುತ್ತಿದ್ದರು. ಐರ್ಲೆಂಡಿನಲ್ಲಿ 1995ರ ಜನಮತಗಣನೆ ಆದಮೇಲೆ ಬಂತು, ಮಾಲ್ಟಾದಲ್ಲಿ 2011ರಲ್ಲಿ. ಫಿಲಿಪ್ಪೀನ್ಸ್‌ನಲ್ಲಿ ಮುಸ್ಲಿಮರಿಗೆ ಬಿಟ್ಟರೆ ಉಳಿದವರಿಗೆ ಸಾಮಾನ್ಯ ಡೈವೋರ್ಸ್ ಕಾನೂನು ಇಲ್ಲ. ಹಾಗಾಗಿ ಒಬ್ಬರು "ನನಗೆ ಚಿಲಿಯಲ್ಲಿ 1998ರಲ್ಲಿ ಡೈವೋರ್ಸ್ ಆಯ್ತು" ಅಂದರೆ ಅಧಿಕಾರಿಗೆ ಅನುಮಾನ ಬರುವುದು ಸಹಜ. ಅವರು ಸುಳ್ಳು ಹೇಳುತ್ತಿಲ್ಲ. ಮನೆಯಲ್ಲಿ ಎಲ್ಲರೂ ಅದನ್ನು ಡೈವೋರ್ಸ್ ಅಂತಲೇ ಕರೆದಿರುತ್ತಾರೆ. ಆದರೆ ಕಚೇರಿಯಲ್ಲಿ ಆ ಹೆಸರಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಸರಿಯಾದ ಹೆಸರಲ್ಲಿ ಕೇಳಿದರೆ ಸಿಗುತ್ತದೆ.

ಕೋರ್ಟಿಲ್ಲದ, ಕಟ್ಟಳೆಯ ಡೈವೋರ್ಸ್‌ಗಳೂ ಇವೆ. ಭಾರತದಲ್ಲಿ 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಸಮುದಾಯದ ರೂಢಿಯ ವಿಚ್ಛೇದನವನ್ನು ಉಳಿಸಿಕೊಂಡಿದೆ. ಘಾನಾದಲ್ಲಿ ಹಿರಿಯರ ಮುಂದೆ ನಡೆಯುವ ವಿಚ್ಛೇದನಕ್ಕೆ ಮಾನ್ಯತೆ ಇದೆ. ಅದನ್ನು ನೋಂದಾಯಿಸುವ ಕಾನೂನು 1985ರಲ್ಲಿ ಬಂತು. ಆದರೆ ಇಲ್ಲಿ ಒಂದು ವಿಷಯ ನೆನಪಿಡಿ. ಅಮೆರಿಕದ ವಲಸೆ ಮೇಲ್ಮನವಿ ಮಂಡಳಿ 1973ರಲ್ಲೇ, ಮ್ಯಾಟರ್ ಆಫ್ ಅನಾಂಗ್ ಅನ್ನುವ ಘಾನಾದ ಪ್ರಕರಣದಲ್ಲಿ, ಪರದೇಶದ ಕಾನೂನನ್ನು ಅರ್ಜಿದಾರರೇ ಸಾಬೀತು ಮಾಡಬೇಕು ಅಂತ ಹೇಳಿದೆ. "ನಮ್ಮಲ್ಲಿ ಹೀಗೇ ನಡೆಯುತ್ತೆ" ಅಂದರೆ ಸಾಲದು. ನಡೆದದ್ದು ಏನು ಅನ್ನುವುದಕ್ಕೂ ಪುರಾವೆ ಬೇಕು, ಅಲ್ಲಿನ ಕಾನೂನು ಅದನ್ನು ಒಪ್ಪುತ್ತದೆ ಅನ್ನುವುದಕ್ಕೂ ಬೇಕು.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಅಮೆರಿಕದ ವಿದೇಶಾಂಗ ಇಲಾಖೆ ಒಂದೊಂದು ದೇಶಕ್ಕೂ ಒಂದೊಂದು ಪಟ್ಟಿ ಇಟ್ಟಿದೆ. ಆ ದೇಶದಲ್ಲಿ ಹುಟ್ಟು, ಸಾವು, ಮದುವೆ, ಡೈವೋರ್ಸ್‌ಗೆ ಯಾವ ಕಾಗದ ಸಿಗುತ್ತದೆ, ಯಾವ ಕಚೇರಿ ಕೊಡುತ್ತದೆ, ಯಾವುದು ಸಿಗುವುದೇ ಇಲ್ಲ ಅಂತ ಅದರಲ್ಲಿದೆ. ಯಾರಿಗೇ ಆಗಲಿ, ಫೋನ್ ಎತ್ತುವ ಮುಂಚೆ ಅದನ್ನು ಓದಿ ಅನ್ನುತ್ತೇನೆ. ಸೋಮಾಲಿಯಾದ ಪುಟ ಓದಿದರೆ, 1991ರಲ್ಲಿ ಸರ್ಕಾರ ಕುಸಿದ ಮೇಲೆ ಹಳೆಯ ದಾಖಲೆ ತರಿಸುವುದು ಆಗದ ಮಾತು ಅಂತ ಇಲಾಖೆಯೇ ಒಪ್ಪಿಕೊಂಡಿರುವುದು ಕಾಣುತ್ತದೆ. ಅಂಥ ದೇಶದಿಂದ ಬಂದವರು ಆ ಪುಟವನ್ನೇ ಪ್ರಿಂಟ್ ತೆಗೆದು ಅರ್ಜಿಯ ಜೊತೆ ಇಡಬಹುದು. "ಸಿಗುವುದಿಲ್ಲ" ಅಂತ ಬೇರೆ ಪತ್ರ ತರುವ ಗೋಜಿಲ್ಲ.

ಪಟ್ಟಿಯಲ್ಲಿ ದಾಖಲೆ ಸಿಗುತ್ತದೆ ಅಂತ ಇದ್ದರೆ ತರಿಸಲೇಬೇಕು, ಅಥವಾ ತರಿಸಲು ನೋಡಿದ್ದೇವೆ ಅಂತ ತೋರಿಸಬೇಕು. ಬಹಳ ಸಲ ಇದು ಅಂದುಕೊಂಡಷ್ಟು ಕಷ್ಟ ಇರುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1858ರಿಂದ ಈಚೆಗಿನ ಡಿಕ್ರಿ ಆಬ್ಸಲ್ಯೂಟ್‌ಗಳ ಸೂಚಿ ಲಂಡನ್ನಿನ ಕೇಂದ್ರ ಕುಟುಂಬ ನ್ಯಾಯಾಲಯದಲ್ಲಿದೆ. ಕೇಸ್ ನಂಬರ್ ಗೊತ್ತಿಲ್ಲದಿದ್ದರೂ ಡಿ440 ಅನ್ನುವ ಫಾರಂ ತುಂಬಿ ಹುಡುಕಿಸಬಹುದು. ಕೆನಡಾದಲ್ಲಿ 1968ರಿಂದ ಈಚೆಗಿನ ಎಲ್ಲ ಡೈವೋರ್ಸ್ ಕೇಸುಗಳಿಗೂ ಒಂದು ಕೇಂದ್ರ ನೋಂದಣಿ ಇದೆ. ಯಾವ ಕೋರ್ಟು, ಯಾವ ನಂಬರ್ ಅಂತ ಅಲ್ಲಿಂದ ಗೊತ್ತಾಗುತ್ತದೆ.

ತಾರೀಖಿನ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಜಪಾನಿನ ಕಾಗದದಲ್ಲಿ ಷೋವಾ 62 ಅಂತಿದ್ದರೆ ಅದು 1987. ಇರಾನಿನ ಕಾಗದದಲ್ಲಿ 1366 ಅಂತಿದ್ದರೆ ಅದು 1987ರ ಮಾರ್ಚಿನಿಂದ 1988ರ ಮಾರ್ಚಿನವರೆಗಿನ ವರ್ಷ. ಇಥಿಯೋಪಿಯಾದ ಲೆಕ್ಕ ಏಳೆಂಟು ವರ್ಷ ಹಿಂದೆ. ಅನುವಾದ ಮಾಡಿದವರು ಅವಸರದಲ್ಲಿ ಒಂದು ಅಂಕಿ ತಪ್ಪಿಸಿದರೆ ಡೈವೋರ್ಸ್ ಎರಡನೇ ಮದುವೆಯ ಆಚೆಗೆ ಹೋಗಿ ಕೂರುತ್ತದೆ. ದಯವಿಟ್ಟು ಅನುವಾದವನ್ನು ಮೂಲದ ಪಕ್ಕ ಇಟ್ಟು, ಬೆರಳಿಟ್ಟು ಓದಿ. ಅನುವಾದ ಪೂರ್ತಿಯಾಗಿರಬೇಕು. ಸೀಲಿನ ಮೇಲಿನ ಅಕ್ಷರ, ಅಂಚಿನಲ್ಲಿ ಕೈಯಲ್ಲಿ ಬರೆದ ಟಿಪ್ಪಣಿ, ಎಲ್ಲವೂ. ಅನುವಾದ ಪೂರ್ಣ ಮತ್ತು ಸರಿ, ಎರಡೂ ಭಾಷೆ ನನಗೆ ಬರುತ್ತದೆ ಅಂತ ಅನುವಾದಕರು ಬರೆದು ಸಹಿ ಹಾಕಬೇಕು. ಸಂಬಂಧವಿಲ್ಲದ ಹೊರಗಿನವರಿಂದ ಮಾಡಿಸುವುದು ಒಳ್ಳೆಯದು.

ಈಗ ಕಷ್ಟದ ಭಾಗ. ಕಚೇರಿ ಸುಟ್ಟುಹೋಗಿದೆ, ಯುದ್ಧದಲ್ಲಿ ಹಾಳಾಗಿದೆ, ಇಲ್ಲಾ ಸುಮ್ನೆ ಉತ್ತರ ಕೊಡುತ್ತಿಲ್ಲ. ಆಗ?

ನಿಯಮ ಇದಕ್ಕೂ ದಾರಿ ಇಟ್ಟಿದೆ. ಮೂಲ ದಾಖಲೆ ಇಲ್ಲ ಅಂತ ಮೊದಲು ತೋರಿಸಬೇಕು. ಆಮೇಲೆ ಎರಡನೇ ದರ್ಜೆಯ ಪುರಾವೆ ಕೊಡಬೇಕು. ಅದೂ ಇಲ್ಲದಿದ್ದರೆ ಕೊನೆಗೆ ಎರಡು ಅಥವಾ ಹೆಚ್ಚು ಅಫಿಡವಿಟ್. ಈ ಮೂರು ಮೆಟ್ಟಿಲನ್ನು ಕ್ರಮವಾಗಿ ಇಳಿಯಬೇಕು. ಜನ ಮಾಡುವ ತಪ್ಪು ಏನು ಅಂದರೆ, ನೇರ ಮೂರನೇ ಮೆಟ್ಟಿಲಿಗೆ ಹಾರುತ್ತಾರೆ. ಅಕ್ಕನಿಂದ ಒಂದು, ಸ್ನೇಹಿತನಿಂದ ಒಂದು ಅಫಿಡವಿಟ್ ಬರೆಸಿ ಕಳಿಸಿಬಿಡುತ್ತಾರೆ. ಮೇಲಿನ ಎರಡು ಮೆಟ್ಟಿಲು ಎಲ್ಲಿ ಅಂತ ಅಧಿಕಾರಿ ಕೇಳುತ್ತಾರೆ. ನ್ಯಾಯವಾಗಿಯೇ ಕೇಳುತ್ತಾರೆ.

ಮೊದಲ ಮೆಟ್ಟಿಲಿಗೆ ಬೇಕಾದ್ದು ಆ ಕಚೇರಿಯದೇ ಲೆಟರ್‌ಹೆಡ್ ಇರುವ ಪತ್ರ. "ನಮ್ಮಲ್ಲಿ ಇಲ್ಲ" ಅನ್ನುವ ಒಂದು ಸಾಲು ಸಾಲದು. ಯಾಕೆ ಇಲ್ಲ ಅಂತ ಬರೆದಿರಬೇಕು. ಆ ಕಾಲದ, ಆ ಊರಿನ ಅಂಥದೇ ಬೇರೆ ದಾಖಲೆಗಳು ಇವೆಯಾ ಇಲ್ಲವಾ ಅಂತಲೂ ಬರೆದಿರಬೇಕು. ಈ ಎರಡನೆಯದನ್ನು ಹೇಳಿ ಬರೆಸಿಕೊಳ್ಳದಿದ್ದರೆ ಯಾವ ಗುಮಾಸ್ತರೂ ತಾವಾಗಿ ಬರೆಯುವುದಿಲ್ಲ. ಆದ್ದರಿಂದ ಕೇಳುವ ಪತ್ರದಲ್ಲೇ ಈ ಎರಡು ಪ್ರಶ್ನೆಯನ್ನು ನಂಬರ್ ಹಾಕಿ ಕೇಳಿ.

ಆ ಪತ್ರವೂ ಬರಲಿಲ್ಲ ಅನ್ನಿ. ಆಗ ನಿಯಮ ಇನ್ನೊಂದು ಅವಕಾಶ ಕೊಡುತ್ತದೆ, ಅದನ್ನು ಬಹಳ ಜನ ಬಳಸಿಕೊಳ್ಳುವುದೇ ಇಲ್ಲ. ಪ್ರಾಮಾಣಿಕವಾಗಿ, ಮತ್ತೆ ಮತ್ತೆ ಪ್ರಯತ್ನ ಮಾಡಿದ್ದೇವೆ ಅನ್ನುವುದಕ್ಕೆ ಪುರಾವೆ ಕೊಡಬಹುದು. ಅಂದರೆ ನಿಮ್ಮ ಹುಡುಕಾಟವೇ ಒಂದು ದಾಖಲೆ! ನಾನು ಇವತ್ತು ಇಲ್ಲಿಗೆ ಬಂದದ್ದೇ ಇದನ್ನು ಹೇಳಲು. ಹುಡುಕಲು ಶುರು ಮಾಡಿದ ದಿನವೇ ಒಂದು ನೋಟ್‌ಬುಕ್ ತೆಗೆಯಿರಿ. ಯಾವ ತಾರೀಖು, ಯಾವ ಕಚೇರಿ, ಯಾರಿಗೆ ಫೋನ್, ಅವರು ಏನಂದರು. ರಿಜಿಸ್ಟರ್ಡ್ ಅಂಚೆಯ ರಸೀದಿ, ಕೊರಿಯರ್ ಚೀಟಿ, ವಾಪಸ್ ಬಂದ ಲಕೋಟೆ, ಕಳಿಸಿದ ಇಮೇಲ್, ಕಟ್ಟಿದ ಶುಲ್ಕದ ಚೀಟಿ, ಎಲ್ಲ ಇಡಿ. ತೆರೆಯದೆ ವಾಪಸ್ ಬಂದ ಲಕೋಟೆಯನ್ನು ಎಸೆಯಬೇಡಿ. ಅದರ ಮೇಲಿನ ಅಂಚೆ ಮೊಹರು ನೀವು ಆಡುವ ನೂರು ಮಾತಿಗಿಂತ ಜಾಸ್ತಿ ಹೇಳುತ್ತದೆ.

ಎರಡನೇ ಮೆಟ್ಟಿಲು ನನಗೆ ಬಹಳ ಇಷ್ಟ. ಡೈವೋರ್ಸ್ ಅನ್ನುವುದು ಒಂದೇ ಕಡೆ ಗುರುತು ಬಿಟ್ಟುಹೋಗುವ ಸಂಗತಿ ಅಲ್ಲ. ಬದುಕಿನ ಹತ್ತು ಕಡೆ ಅದರ ನೆರಳು ಬಿದ್ದಿರುತ್ತದೆ. ಮಕ್ಕಳು ಯಾರ ಬಳಿ ಇರಬೇಕು ಅಂತ ನಡೆದ ಕೇಸಿನಲ್ಲಿ ಡೈವೋರ್ಸ್ ನಂಬರ್ ಇರುತ್ತದೆ. ಮನೆ ಪಾಲು ಮಾಡಿಕೊಂಡ ಪತ್ರದಲ್ಲಿ ಇರುತ್ತದೆ. ಮಾಜಿ ಗಂಡನೋ ಹೆಂಡತಿಯೋ ಆಮೇಲೆ ಇನ್ನೊಂದು ಮದುವೆಯಾಗಿದ್ದರೆ ಆ ಮದುವೆಯ ನೋಂದಣಿ ಕಡತದಲ್ಲಿ ಹಳೆಯ ಡಿಕ್ರಿಯ ನಕಲು ಇರಬಹುದು. ಕ್ಯಾಥೊಲಿಕರು ಚರ್ಚಿನಿಂದಲೂ ಮದುವೆ ಅಸಿಂಧು ಮಾಡಿಸಿಕೊಂಡಿದ್ದರೆ, ಚರ್ಚಿನ ನ್ಯಾಯಮಂಡಳಿ ಸಾಮಾನ್ಯವಾಗಿ ಸಿವಿಲ್ ಡಿಕ್ರಿ ಕೇಳಿ ಇಟ್ಟುಕೊಂಡಿರುತ್ತದೆ. ಇರಾನಿನವರ ಗುರುತಿನ ಪುಸ್ತಕದಲ್ಲೇ ಮದುವೆ, ಡೈವೋರ್ಸ್ ಬರೆದಿರುತ್ತಾರೆ.

ಅಮೆರಿಕದೊಳಗೂ ಹುಡುಕಬೇಕು. ನ್ಯೂಯಾರ್ಕಿನಲ್ಲಿ ಮದುವೆ ಲೈಸೆನ್ಸ್ ಕೇಳುವಾಗ ಹಿಂದಿನ ಮದುವೆಗಳು ಎಲ್ಲಿ, ಯಾವಾಗ ಮುಗಿದವು ಅಂತ ಬರೆಯಬೇಕು. ಹದಿನೈದು ವರ್ಷದ ಹಿಂದೆ, ಯಾವ ಕಷ್ಟವೂ ಇಲ್ಲದ ದಿನ ನೀವೇ ಬರೆದುಕೊಟ್ಟ ತಾರೀಖು ಅದು. ಅಧಿಕಾರಿಯ ಕಣ್ಣಲ್ಲಿ ಇವತ್ತಿನ ಮಾತಿಗಿಂತ ಅದಕ್ಕೆ ತೂಕ.

ಎಲ್ಲಕ್ಕಿಂತ ದೊಡ್ಡ ಖಜಾನೆ ವಲಸೆ ಇಲಾಖೆಯದೇ ಕಪಾಟು. ಎಷ್ಟೋ ಜನ ಮೊದಲ ಸಲ ಈ ದೇಶಕ್ಕೆ ಬರುವಾಗಲೇ ಡೈವೋರ್ಸ್ ಡಿಕ್ರಿ ಕೊಟ್ಟಿರುತ್ತಾರೆ. ತಮ್ಮ ಹತ್ತಿರ ಇದ್ದ ಒಂದೇ ಪ್ರತಿಯನ್ನು ಕೊಟ್ಟು ಮರೆತಿರುತ್ತಾರೆ. ಆಗ ಇಲಾಖೆಯ ಹೆಸರು ಐಎನ್‌ಎಸ್. 2003ರ ಮಾರ್ಚ್ 1ರಂದು ಅದು ಮುಚ್ಚಿ, ಅದರ ಕೆಲಸ ಹೊಸ ಇಲಾಖೆಗಳಿಗೆ ಹಂಚಿಹೋಯಿತು. ಆದರೆ ಕಡತಗಳು ಉಳಿದವು. ಗ್ರೀನ್ ಕಾರ್ಡ್ ಮೇಲೆ ಎ-ನಂಬರ್ ಅಂತ ಕರೆಯುವ ನಂಬರ್ ಇದೆಯಲ್ಲ, ಅದೇ ನಿಮ್ಮ ಕಡತದ ನಂಬರ್. ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಆ ಕಡತದ ನಕಲನ್ನು ಆನ್‌ಲೈನಿನಲ್ಲೇ ಕೇಳಬಹುದು. ಕಳೆದುಹೋದ ಕಾಗದ ಕೆಲವು ಸಲ ಕೇಳುತ್ತಿರುವವರ ಕಪಾಟಿನಲ್ಲೇ ಇರುತ್ತದೆ. ಡಿಕ್ರಿ ಸಿಗದಿದ್ದರೂ ಹಳೆಯ ಅರ್ಜಿಗಳಲ್ಲಿ ನೀವು ಏನು ಬರೆದಿದ್ದಿರಿ ಅಂತ ನೋಡಿಕೊಳ್ಳಬಹುದು. ಅಂದು ಒಂದು ತಾರೀಖು, ಇಂದು ಇನ್ನೊಂದು ತಾರೀಖು ಬರೆದರೆ ಇಲ್ಲದ ಅನುಮಾನ ಹುಟ್ಟುತ್ತದೆ.

ಅಫಿಡವಿಟ್ ಬಗ್ಗೆ ಎರಡು ಮಾತು ಸಾಕು. ಬರೆಯುವವರು ಈ ಅರ್ಜಿಗೆ ಸಂಬಂಧಿಸಿದವರಾಗಿರಬಾರದು, ಅಂದರೆ ಗಂಡ ಹೆಂಡತಿ ಇಬ್ಬರೂ ಅಲ್ಲ. ನಡೆದದ್ದನ್ನು ಸ್ವತಃ ಬಲ್ಲವರಾಗಿರಬೇಕು. ಹೆಸರು, ವಿಳಾಸ, ಹುಟ್ಟಿದ ದಿನ, ಊರು, ನಿಮಗೆ ಏನಾಗಬೇಕು, ಅವರಿಗೆ ಈ ವಿಷಯ ಹೇಗೆ ಗೊತ್ತು, ಎಲ್ಲ ಇರಬೇಕು. "ಅವರಿಗೆ ಡೈವೋರ್ಸ್ ಆಗಿದೆ ಅಂತ ನನಗೆ ಗೊತ್ತು" ಅನ್ನುವುದು ಅಫಿಡವಿಟ್ ಅಲ್ಲ. "ಆ ದಿನ ನಾನೇ ಅವಳ ಜೊತೆ ಕೋರ್ಟಿಗೆ ಹೋಗಿದ್ದೆ, ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ಮಧ್ಯಾಹ್ನ ಅವಳು ಕಾಗದ ಹಿಡಿದುಕೊಂಡು ಬಂದಳು" ಅನ್ನುವುದು ಅಫಿಡವಿಟ್.

ಇಷ್ಟೆಲ್ಲ ಕೊಟ್ಟರೆ ಸಾಕಾ? ಇಲ್ಲಿ ಬೇಕಾಗಿರುವುದು ಕ್ರಿಮಿನಲ್ ಕೇಸಿನಷ್ಟು ಖಚಿತ ಪುರಾವೆ ಅಲ್ಲ. ಆಗಿಲ್ಲ ಅನ್ನುವುದಕ್ಕಿಂತ ಆಗಿದೆ ಅನ್ನುವ ಕಡೆ ತಕ್ಕಡಿ ವಾಲಿದರೆ ಸಾಕು. 2010ರ ಮ್ಯಾಟರ್ ಆಫ್ ಚವಾಥೆ ತೀರ್ಪಿನಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಒಂದೊಂದು ಪುರಾವೆಯನ್ನೂ ನೋಡಬೇಕು, ಎಲ್ಲವನ್ನೂ ಒಟ್ಟಿಗೆ ಇಟ್ಟೂ ನೋಡಬೇಕು. ಒಂದು ದೊಡ್ಡ ಕಲ್ಲು ಇಲ್ಲದಿದ್ದಾಗ ಸಣ್ಣ ಕಲ್ಲುಗಳೂ ತಕ್ಕಡಿ ವಾಲಿಸುತ್ತವೆ. ಆದರೆ ಅವೆಲ್ಲ ಒಂದೇ ತಾರೀಖು, ಒಂದೇ ಊರು ಹೇಳಬೇಕು.

ಇಲಾಖೆಯಿಂದ ಪುರಾವೆ ಕೇಳುವ ಪತ್ರ ಬಂದರೆ, ಅದನ್ನು ಆರ್‌ಎಫ್‌ಇ ಅಂತಾರೆ, ಗಡಿಯಾರ ಓಡಲು ಶುರುವಾಯಿತು ಅಂತಲೇ ತಿಳಿಯಿರಿ. ಹೆಚ್ಚೆಂದರೆ 12 ವಾರ, ಅಂದರೆ 84 ದಿನ. ಅಂಚೆಯಲ್ಲಿ ಬಂದ ಪತ್ರಕ್ಕೆ ಇನ್ನು ಮೂರು ದಿನ. ಅದರ ಮೇಲೆ ಒಂದು ದಿನವೂ ಕೊಡುವುದಿಲ್ಲ. ಇನ್ನೊಂದು ವಿಷಯ, ಉತ್ತರ ಒಂದೇ ಸಲ ಕಳಿಸಬೇಕು. ಇವತ್ತು ಅರ್ಧ, ಬಂದಮೇಲೆ ಇನ್ನರ್ಧ ಅಂತಿಲ್ಲ. ಪರದೇಶದ ಕಚೇರಿಯಿಂದ ನಕಲು ಬರುವುದಕ್ಕೆ 84 ದಿನ ಯಾವ ಮೂಲೆಗೆ? ಅದಕ್ಕೇ ಹೇಳುವುದು, ಪತ್ರ ಬರುವವರೆಗೆ ಕಾಯಬೇಡಿ. ಅರ್ಜಿ ಹಾಕುವ ಯೋಚನೆ ಬಂದ ದಿನವೇ ಹುಡುಕಲು ಶುರು ಮಾಡಿ.

ಒಂದು ಮಾತು ಬೇಜಾರಾದರೂ ಹೇಳಲೇಬೇಕು. ಕಾಗದ ಸಿಗಲಿಲ್ಲ ಅಂತ ಹಳೆಯ ಮದುವೆಯನ್ನೇ ಬರೆಯದೆ ಬಿಡಬೇಡಿ. "ನಾನು ಮಾಡಿಸಿಕೊಡ್ತೀನಿ" ಅನ್ನುವವರ ಹತ್ತಿರ ಹೋಗಬೇಡಿ. ಕಳೆದ ಕಾಗದಕ್ಕೆ ದಾರಿ ಇದೆ. ಸುಳ್ಳು ಕಾಗದ ಸಿಕ್ಕಿಬಿದ್ದರೆ ಈ ದೇಶದ ಬಾಗಿಲು ಜೀವನಪೂರ್ತಿ ಮುಚ್ಚಬಹುದು. ನಿಮ್ಮ ಕೇಸಿನಲ್ಲಿ ಗಂಟು ಇದ್ದರೆ ವಲಸೆ ಲಾಯರ್ ಹತ್ತಿರ ಅಥವಾ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಯ ಹತ್ತಿರ ಹೋಗಿ. ನನ್ನಂಥವರು ಕಾಗದ ಜೋಡಿಸಬಹುದು, ಕಾನೂನು ಸಲಹೆ ಕೊಡುವ ಹಕ್ಕು ನಮಗಿಲ್ಲ.

ಆ ಹೆಂಗಸಿನ ಕಥೆಗೆ ವಾಪಸ್ ಬರುತ್ತೇನೆ. ಕಚೇರಿ, ಕ್ಯೂ, ಚಳಿ ಬಿಟ್ಟರೆ ಬೇರೇನೂ ನೆನಪಿರಲಿಲ್ಲ ಅಲ್ವಾ? ಹಳೆಯ ಕಾಗದ ಏನಿದ್ದರೂ ತನ್ನಿ ಅಂದೆ. ಮುಂದಿನ ವಾರ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಅದರೊಳಗೆ ಸೋವಿಯತ್ ಕಾಲದ ಒಳನಾಡು ಪಾಸ್‌ಪೋರ್ಟಿನ ಜೆರಾಕ್ಸ್ ಇತ್ತು. ಆ ಪಾಸ್‌ಪೋರ್ಟಿನಲ್ಲಿ ಮದುವೆ ವಿವರಕ್ಕೆ ಅಂತ ಒಂದು ಪುಟ ಇರುತ್ತಿತ್ತು. ಜೆರಾಕ್ಸಿನಲ್ಲಿ ಅದು ಬರೀ ಬೂದು ಕಲೆ. ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ನೋಡಿದೆವು. ಎರಡು ಮೊಹರು. ಮೇಲಿನದು ಮದುವೆಯದು. ಕೆಳಗಿನದನ್ನು ಆಕೆ ಒಂದೊಂದೇ ಅಕ್ಷರ ಓದಿದರು. ಡೈವೋರ್ಸ್ ನೋಂದಣಿ, ಕಚೇರಿಯ ಹೆಸರು, ತಾರೀಖು. ತೀರ್ಪಾದ ಎರಡು ತಿಂಗಳಿಗೆ.

ಓದುತ್ತಾ ಓದುತ್ತಾ ಅವರ ದನಿ ಕಟ್ಟಿತು. "ಹೋಗಿದ್ದೆ, ನೋಡಿ" ಅಂದರು.

ಕಚೇರಿಯ ಹೆಸರು ಸಿಕ್ಕಮೇಲೆ ಉಳಿದದ್ದು ಸುಲಭ. ಅಲ್ಲಿದ್ದ ದೊಡ್ಡಮ್ಮನ ಮಗಳಿಗೆ ಅಧಿಕಾರ ಪತ್ರ ಕಳಿಸಿದರು. ಆಕೆ ಜಾಗ್ಸ್ ಕಚೇರಿಗೆ ಹೋಗಿ ಹೊಸ ಪ್ರಮಾಣಪತ್ರ ತೆಗೆಸಿದರು. ಉತ್ತರ ಕಳಿಸುವಾಗ ಆ ಪತ್ರದ ಜೊತೆ ಹರಿದ ತೀರ್ಪು, ಬೂದು ಜೆರಾಕ್ಸ್, ನಮ್ಮ ನೋಟ್‌ಬುಕ್ಕಿನ ನಾಲ್ಕು ಪುಟ, ಎಲ್ಲ ಇಟ್ಟೆವು. ಅರ್ಜಿ ಪಾಸಾಯಿತು.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: "ಡಿಕ್ರಿ ಕೈಯಲ್ಲೇ ಇದೆ. ಆದರೆ ಆ ಡೈವೋರ್ಸೇ ಊರ್ಜಿತ ಅಲ್ಲ ಅಂದರೆ?"

ಒಳ್ಳೆಯ ಪ್ರಶ್ನೆ. 1960ರ ದಶಕದಲ್ಲಿ ಅಮೆರಿಕದವರೇ ಗಡಿ ದಾಟಿ ಮೆಕ್ಸಿಕೋದ ಸಿಯುದಾದ್ ಹುವಾರೆಸ್‌ಗೆ ಹೋಗಿ ಒಂದೇ ದಿನದಲ್ಲಿ ಡೈವೋರ್ಸ್ ತರುತ್ತಿದ್ದರು. ಮರ್ಲಿನ್ ಮನ್ರೋ ಕೂಡ 1961ರ ಜನವರಿಯಲ್ಲಿ ಅಲ್ಲೇ ಪಡೆದದ್ದು. ಅಲ್ಲಿ ವಾಸವೇ ಇಲ್ಲದವರಿಗೆ ಕೊಟ್ಟ ಅಂಥ ಡಿಕ್ರಿಗಳನ್ನು ಕೆಲವು ರಾಜ್ಯಗಳು ಒಪ್ಪಿದವು, ಕೆಲವು ಒಪ್ಪಲಿಲ್ಲ. ಇವತ್ತಿಗೂ ಇಲಾಖೆ ಎರಡನ್ನು ನೋಡುತ್ತದೆ: ಕೊಟ್ಟ ದೇಶದ ಕಾನೂನು ಏನು ಹೇಳುತ್ತದೆ, ಮತ್ತೆ ಮದುವೆಯಾದ ರಾಜ್ಯ ಅದನ್ನು ಒಪ್ಪುತ್ತದಾ. ಊರ್ಜಿತ ಅಲ್ಲ ಅಂತ ಗೊತ್ತಾದರೆ ಹೆದರಿ ಕೂರಬೇಡಿ. ಸಾಮಾನ್ಯವಾಗಿ ಈಗ ಸರಿಯಾಗಿ ಡೈವೋರ್ಸ್ ಪಡೆದು ಮತ್ತೆ ಮದುವೆಯಾಗಿ ಹೊಸ ಅರ್ಜಿ ಹಾಕುತ್ತಾರೆ. ಇಲಿನಾಯ್‌ನಂಥ ರಾಜ್ಯದಲ್ಲಿ, ಅಡ್ಡಿ ನಿವಾರಣೆಯಾದ ಮೇಲೂ ಇಬ್ಬರು ಒಟ್ಟಿಗೆ ಬಾಳುತ್ತಿದ್ದರೆ ಆ ದಿನದಿಂದ ಮದುವೆ ಊರ್ಜಿತ ಆಗುತ್ತದೆ ಅಂತ ಕಾನೂನೇ ಇದೆ. ಮಾಜಿ ಸಂಗಾತಿ ಹೊಸ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಸಾಕು. ಡೈವೋರ್ಸ್ ಚರ್ಚೆಯೇ ಬೇಡ. ಇದಕ್ಕೆಲ್ಲ ಲಾಯರ್ ಬೇಕೇ ಬೇಕು.

ಕೊನೆಯ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. ಅವನ ಅಮ್ಮ ಸೋಮಾಲಿಯಾದವರು. ಗ್ರೀನ್ ಕಾರ್ಡ್ ಇದೆ. ಈಗಿನ ಗಂಡನಿಗೆ ಅರ್ಜಿ ಹಾಕಬೇಕು. ಮೊದಲ ಡೈವೋರ್ಸ್ ಯುದ್ಧ ಶುರುವಾಗುವ ಮುಂಚೆ ಆದದ್ದು, ಒಂದು ಚೂರು ಕಾಗದವೂ ಇಲ್ಲ. "ಮೊದಲು ಏನು ಮಾಡಲಿ?" ಅಂದ.

ಅಮ್ಮನಿಗೆ ಫೋನ್ ಮಾಡಪ್ಪ ಅಂದೆ. ಯಾವ ಊರು, ಯಾವ ವರ್ಷ, ಯಾರ ಮುಂದೆ ನಡೆಯಿತು, ಜೊತೆಗೆ ಯಾರಿದ್ದರು, ಅವರಲ್ಲಿ ಈಗ ಬದುಕಿರುವವರು ಯಾರು. ಈ ಐದು ಕೇಳು. ಅವರು ಹೇಳಿದ ಹಾಗೆಯೇ ಬರೆದುಕೋ, ಇವತ್ತಿನ ತಾರೀಖು ಹಾಕು.

ಅವನು ಬಾಗಿಲಾಚೆ ಹೋದ. ನಾವು ಕುರ್ಚಿ ಮಡಿಸುವ ಹೊತ್ತಿಗೆ ವಾಪಸ್ ಬಂದ. ಒಂದು ರಸೀದಿಯ ಹಿಂಭಾಗದಲ್ಲಿ ಬರೆದುಕೊಂಡಿದ್ದ. ಊರಿನ ಹೆಸರು, ವರ್ಷ, ಶೇಖ್ ಒಬ್ಬರ ಹೆಸರು. ಕೆಳಗೆ ಎರಡು ಹೆಸರಿನ ಸುತ್ತ ಗೆರೆ ಎಳೆದಿದ್ದ. ಒಬ್ಬರು ನೈರೋಬಿಯಲ್ಲಿದ್ದಾರಂತೆ. ಇನ್ನೊಬ್ಬರು ಅಮ್ಮನ ಮನೆಯಿಂದ ಮೂರು ಬೀದಿ ಆಚೆ.